ಬಲಕ್ಕ ನಾಕು, ಮುಂದ ಕಾಣೂದಿಲ್ಲ

ಮೊದಲ ನೋಡಿದ್ದು ಕಬ್ಬಿನ ಪಾಳೇದಾಗ.
ಮಹಾಲಿಂಗಪುರದ ಆಚಿ, ಫ್ಯಾಕ್ಟರಿ ಗೇಟಿನ ತನಕ
ಎರಡು ಮೈಲು ಟ್ರ್ಯಾಕ್ಟರು.
ನಾ ತೂಕದ ಕಟ್ಟಿ ಮ್ಯಾಲ ಚೀಟಿ ಬರಿಯುವವ.
ಡಬಲ್ ಟ್ರೇಲರು ಹಿಂದಕ್ಕ ತಗೊಂಡು
ಎರಡು ಗ್ವಾಡಿ ನಡುಕ, ಒಂದು ಬೀಡಿ ಸುಡೂದರೊಳಗ
ತಂದು ನಿಲ್ಲಿಸಿದ ಒಬ್ಬ ಹುಡುಗ.
ಕನ್ನಡಿ ಇರಲಿಲ್ಲ. ಕುತಿಗಿನೂ ಹೊಳ್ಳಿಸಲಿಲ್ಲ.
“ಹಿಂದ ಏನೈತಿ, ಹ್ಯಾಂಗ ಗೊತ್ತಾತೋ?”
“ಬೆನ್ನಿಗೆ ಗೊತ್ತಾಗತೈತ್ರಿ.”
ಬರಕೊಂಡೆ: ದಾವಲಸಾಬ ಪಿಂಜಾರ,
ಹದಿನೆಂಟು ಟನ್ನು, ನಾಕು ಕ್ವಿಂಟಲು.

ಉಲ್ಟಾ ಓಡಿಸೂ ಪಂದ್ಯಕ್ಕ ಅವ ಬಂದಾನಂದ್ರ
ತೇರದಾಳದಿಂದ ಲೋಕಾಪುರದ ತನಕ ಎಲ್ಲಾರೂ
ಎರಡನೇ ಬಹುಮಾನಕ್ಕ ಹೆಸರು ಹಚ್ಚತಿದ್ದರು.
ಗೆದ್ದದ್ದು ಆರು ಕೊಡ, ಎರಡು ಫ್ಯಾನು, ಒಂದು ಹೋತ.
ಹೋತ ಮಾರಿ ಬೈಕು ತಂದ.

ಬೆಳಗಾವಿ, ಉದ್ಯಮಬಾಗದ ಹಿಂದಿನ ಬಯಲು.
ಮಣ್ಣಿನ ದಿಬ್ಬ. ಗಾಳ್ಯಾಗ ಬೈಕು.
ಭುಜದ ಎಲುಬು ಮುರದದ್ದು ಮೂರು ಸಲ,
ಮೂರನೇ ಸಲ ಡಾಕ್ಟರು ಹೆಸರು ಕೇಳಲಿಲ್ಲ,
ಬಲಕೋ ಎಡಕೋ, ಅಂದರು.

ಅವರಪ್ಪ ಹತ್ತಿ ಹಿಂಜತಿದ್ದ.
ಬಿಲ್ಲಿನ ತಂತಿ ಟಂಯ್ ಅಂದಾಗ
ಹತ್ತ್ಯಾಗ ಗಂಟು ಎಲ್ಲೈತಿ ಅನ್ನೂದು ತಿಳೀತಿತ್ತಂತ.
ಇವ ಹಂಗ, ಬಾನೆಟ್ಟಿಗೆ ಕಿವಿ ಕೊಟ್ಟು
ಎಂಜಿನ್ನಿನ ಗಂಟು ಹುಡುಕಾವ.

ಒಂದ ಸಂಜಿ ಕಟ್ಟಿಗೆ ಬಂದ.
ಫೌಂಡ್ರಿ ಸಾವಕಾರರ ಜಿಪ್ಸಿ ಸಿಕ್ಕೈತಿ, ರ‍್ಯಾಲಿಗೆ ಹೊಂಟೀನಿ,
ಬಾಜೂಕ ಕುಂತು ಹಾದಿ ಓದಾವ ಬೇಕು.
“ನಿನ್ನ ಅಂಕಿ ಧೂಳಿನ್ಯಾಗೂ ಕಾಣತಾವು.”
ಹನ್ನೊಂದು ವರ್ಷದಾಗ
ಅವ ನನ್ನ ಹೊಗಳಿದ್ದು ಇಷ್ಟ.

ಎಡಕ್ಕ ಮೂರು, ಬಿಗೀತೈತಿ.
ನೂರು ಮೀಟರು. ದಿಬ್ಬ, ನೆಟ್ಟಗ ಹಿಡಿ.
ಬಲಕ್ಕ ನಾಕು, ಮುಂದ ಕಾಣೂದಿಲ್ಲ, ಪೂರಾ ಒತ್ತು.

ಕಾಣದ ತಿರುವಿಗೆ ಪೂರಾ ಅನ್ನೂದಂದ್ರ
ಏನಂತ ತಿಳದೀರಿ?
ನಿನ್ನಿ ಸಾವಕಾಶ ಹೋಗಿ ಬರದ ಹಾಳಿ ಅದು.
ರಾತ್ರಿ ಅಲ್ಲಿ ಯಾರರ ಎಮ್ಮಿ ಕಟ್ಟಿರಬಹುದು.
ಅವ ನನ್ನ ಹಾಳಿ ನಂಬತಿದ್ದ, ನಾ ಅವನ ಬೆನ್ನು.
ಎಮ್ಮಿ ಯಾರನ್ನೂ ನಂಬತಿರಲಿಲ್ಲ, ಅದಕ ಉಳೀತಿತ್ತು.

ಗೋಕಾಕದ ಕಲ್ಲಿನ್ಯಾಗ ಒಮ್ಮೆ ಪಲ್ಟಿ.
ಬೆಲ್ಟಿನ್ಯಾಗ ಇಬ್ಬರೂ ಬಾವಲಿ ಹಂಗ ಜೋತಾಡತೀವಿ,
ಪೆಟ್ರೋಲು ತಟತಟ.
ಅವ ಕೇಳಿದ: “ಮುಂದಿಂದು ಏನಿತ್ತು?”
ಓದಿ ಹೇಳಿದೆ. ತಲಿಕೆಳಗಾಗೇ.

ಆಮ್ಯಾಲ ಕೊಯಮತ್ತೂರಿಂದ ಕರೆ.
ಎಣ್ಣಿ ಹಚ್ಚಿಧಂಗ ನುಣುಪು ಟಾರು,
ನೆಲದಿಂದ ಮೂರು ಬಟ್ಟು ಎತ್ತರದ ಗಾಡಿ.
ಒಂದ ಸೀಟು.

ತಂತಿ ಬೇಲಿ ಹಿಡದು ನಿಂತೆ.
ಇಪ್ಪತ್ತು ಸುತ್ತು, ಅವ ಅವ ತಿರುವು.
ಓದಾಕ ಏನಿತ್ತು?
ಆ ಹಾದಿ ಎಲ್ಲಿಗೂ ಹೋಗೂದಿಲ್ಲ, ಹೊಂಟಲ್ಲೇ ಬರತೈತಿ.
ವರ್ಷದ ಕೊನಿಗೆ ಎರಡನೇ ಸ್ಥಾನ.
ಪೇಪರಿನ್ಯಾಗ ಫೋಟೋ, ಹೆಸರು ತಪ್ಪು, ದೌಲತ ಅಂತ.
ಅಂದ ರಾತ್ರಿ ಫೋನು:
“ಕಿವ್ಯಾಗ ಭಾಳ ಸುಮ್ಮನ ಐತೋ.”
ಹಂಗಾಮ ಸುರು ಆಗೇತಿ, ಪಾಳೆ ದೊಡ್ಡದೈತಿ ಅಂದು ಇಟ್ಟೆ.
ಸುಳ್ಳು. ಇನ್ನ ಕಬ್ಬು ಎದಿಮಟ ಇತ್ತು.

ಟ್ರಕ್ಕಿನ ರೇಸೂ ಓಡಿಸಿದನಂತ ಒಂದು ವರ್ಷ.
ಅಲ್ಲಿ ನಕ್ಕ ಫೋಟೋ ಐತಿ, ಒಂದ.

ಈಗ ತಿಳಕವಾಡ್ಯಾಗ ಡ್ರೈವಿಂಗ್ ಸ್ಕೂಲು.
ಹಳೇ ವ್ಯಾಗನಾರು, ಕೆಂಪು ಎಲ್ಲು,
ಅವನ ಕಾಲಬುಡಕೂ ಒಂದು ಬ್ರೇಕು.
ಹೋದ ವಾರ ಹೋಗಿ ಹಿಂದಿನ ಸೀಟಿನ್ಯಾಗ ಕುಂತೆ.
ಸ್ಟಿಯರಿಂಗಿಗೆ ಬ್ಯಾಂಕಿನ ಅಂಬಕ್ಕ ಕಿತ್ತೂರ, ವಯಸ್ಸು ಐವತ್ತೆರಡು,
ಎಡಕ, ನನ್ನ ಜಾಗದಾಗ, ಅವ.
ರೈಲ್ವೆ ಗೇಟಿನ ತಿರುವಿಗೆ
ತನಗ ತಾನ ಬಂತು ಬಾಯಿಗೆ:
“ಬಲಕ್ಕ ನಾಕು, ಮುಂದ ಕಾಣೂದಿಲ್ಲ—”
ಹೊಳ್ಳಿ ನೋಡಲಿಲ್ಲ ನನ್ನ ಕಡೆ.
ಅಂಬಕ್ಕ ಗಕ್ಕನ ಗಾಡಿ ಬಂದ್ ಮಾಡಿದಳು.
ಹಿಂದ ಹಾರನ್ನು, ಬೈಗುಳ, ಎರಡೂ ಭಾಷಾದಾಗ.
“ಕಾಣತೈತಲ್ರೀ ಸರ,” ಅಂದಳು,
“ಬಸ್ಸು ಬರಾಕತ್ತೈತಿ.”